ಸಹಾಯ ಬೇಕು: ಸಕ್ಕರೆ ಇಲ್ಲದಿದ್ದರೂ ಟೆಸ್ಟ್ ಪಟ್ಟಿ ಕಂದಾಗುತ್ತಿದೆ

ನಮಸ್ಕಾರ, ದಾವಣಗೆರೆಯಿಂದ ಬರೆಯುತ್ತಿದ್ದೇನೆ, ಬಿಎಸ್ಸಿ ಕೊನೆ ವರ್ಷ. ಮೂತ್ರದಲ್ಲಿ ಸಕ್ಕರೆ ಇದೆಯಾ ಅಂತ ತೋರಿಸುವ ಕಾಗದದ ಪಟ್ಟಿ ಮಾಡುತ್ತಿದ್ದೇನೆ. 2007ರಲ್ಲಿ ಹಾರ್ವರ್ಡ್‌ನ ರಸಾಯನಶಾಸ್ತ್ರಜ್ಞ ವೈಟ್‌ಸೈಡ್ಸ್ ಅವರ ತಂಡ ತೋರಿಸಿದ ರೀತಿಯೇ: ಗ್ಲೂಕೋಸ್ ಆಕ್ಸಿಡೇಸ್ ಅನ್ನುವ ಎಂಜೈಮ್ ಸಕ್ಕರೆಯಿಂದ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ, ಪೆರಾಕ್ಸಿಡೇಸ್ ಅನ್ನುವ ಇನ್ನೊಂದು ಎಂಜೈಮ್ ಅದನ್ನು ಬಳಸಿ ಅಯೊಡೈಡನ್ನು ಅಯೋಡಿನ್ ಮಾಡುತ್ತದೆ, ಕಾಗದ ಕಂದಾಗುತ್ತದೆ. ದ್ರವ ಕಾಲುವೆ ಬಿಟ್ಟು ಹರಡದಂತೆ ಅವರು ಕಾಗದದ ಮೇಲೆ ಗೆರೆ ಹಾಕಿದ್ದು ಫೋಟೊರೆಸಿಸ್ಟ್‌ನಲ್ಲಿ (ಬೆಳಕು ಬಿದ್ದರೆ ಗಟ್ಟಿಯಾಗುವ ಪಾಲಿಮರ್). ನನ್ನ ಹತ್ತಿರ ಇರುವುದು ಮೇಣದ ಕ್ರೆಯಾನ್, ಫಿಲ್ಟರ್ ಪೇಪರ್, ಅಮ್ಮನ ಇಸ್ತ್ರಿಪೆಟ್ಟಿಗೆ. ಬೈಗುಳ ಆಗಲೇ ಸಿಕ್ಕಿದೆ.

ಇಸ್ತ್ರಿ ಒತ್ತಿದರೆ ಮೇಣ ಬೆಣ್ಣೆ ದೋಸೆ ಕಟ್ಟಿದ ಕಾಗದದಲ್ಲಿ ಜಿಡ್ಡು ಹರಡಿದ ಹಾಗೆ ಹರಡಿ ಕಾಲುವೆಯೇ ಮುಚ್ಚಿಹೋಗುತ್ತದೆ, ಕಮ್ಮಿ ಬಿಸಿ ಮಾಡಿದರೆ ಹಿಂಬದಿವರೆಗೆ ಇಳಿಯದೆ ಕೆಳಗಿಂದ ನೀರು ಸೋರುತ್ತದೆ. ಅದನ್ನಾದರೂ ಹೇಗೋ ಸರಿಮಾಡಿಕೊಳ್ಳುತ್ತೇನೆ. ದೊಡ್ಡ ತಲೆನೋವು ಬೇರೆ. ಕಿಟಕಿ ಹತ್ತಿರ ಎರಡು ದಿನ ಇಟ್ಟ ಪಟ್ಟಿಗೆ ಬರೀ ಡಿಸ್ಟಿಲ್ಡ್ ವಾಟರ್ ಹಾಕಿದರೂ ಅಂಚಿನಲ್ಲಿ ಚಹಾ ಲೋಟದ ಕಲೆ ಥರ ಕಂದು ಉಂಗುರ. ಬೆಳಕು, ಗಾಳಿಗೇ ಅಯೊಡೈಡ್ ಕೆಡುತ್ತಿದೆ ಅಂತ ನನ್ನ ಗುಮಾನಿ, ಅಲ್ವಾ?

ಯಾರಾದರೂ ಅಯೊಡೈಡ್ ಬಿಟ್ಟು ಟಿಎಂಬಿ (ಇದೇ ಕ್ರಿಯೆಯಲ್ಲಿ ನೀಲಿಯಾಗುವ ರಾಸಾಯನಿಕ) ಬಳಸಿದ್ದೀರಾ? ಒಣಗಿದ ಕಾಗದದಲ್ಲಿ ಎಂಜೈಮ್ ಕೆಡದೆ ಉಳಿಯಲು ಟ್ರೆಹಲೋಸ್ (ಒಂದು ಬಗೆಯ ಸಕ್ಕರೆ) ಎಷ್ಟು ಹಾಕುತ್ತೀರಿ? ದಾವಣಗೆರೆ, ಚಿತ್ರದುರ್ಗದಲ್ಲಿ ವ್ಯಾಕ್ಸ್ ಪ್ರಿಂಟರ್ (ಮೇಣದಲ್ಲೇ ಗೆರೆ ಮುದ್ರಿಸುವ ಯಂತ್ರ) ಇರುವ ಲ್ಯಾಬ್ ಗೊತ್ತಿದ್ದರೆ ಹೇಳಿ, ನಾನೇ ಬಸ್ ಹತ್ತಿ ಬರುತ್ತೇನೆ. ಮುಂದಿನ ವಾರ ಸರ್‌ಗೆ ತೋರಿಸಬೇಕು.