ಹಾಡಾಟವೋ, ಹಾಡಿನಾಟವೋ? ‘ಒಪೆರಾ’ಕ್ಕೆ ಒಂದು ಪದ ಬೇಕು

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಬೆಳಗಾವಿಯ ತಿಳಕವಾಡಿಯಲ್ಲಿ ನಮ್ಮ ಮನೆಯ ಹತ್ತಿರವೇ ಇರುವ ಮಕ್ಕಳ ತಂಡವೊಂದು ಗೋವಿನ ಹಾಡನ್ನು ಈ ಸಲ ಹೊಸದಾಗಿ ರಂಗಕ್ಕೆ ತರುತ್ತಿದೆ. ಎಂಟರಿಂದ ಹದಿನಾಲ್ಕರ ವಯಸ್ಸಿನ 24 ಮಕ್ಕಳು, ಒಂದು ಪೇಟಿ (ಹಾರ್ಮೋನಿಯಂ), ಒಂದು ತಬಲಾ, ಒಂದು ಕೊಳಲು. ಆಟದ ಅವಧಿ ಒಂದು ತಾಸಿಗೆ ತುಸು ಕಡಿಮೆ. ಇದರ ವಿಶೇಷವೆಂದರೆ ಪರದೆ ಏಳುವುದರಿಂದ ಬೀಳುವವರೆಗೆ ಗದ್ಯದ ಮಾತು ಒಂದೂ ಇಲ್ಲ. ಹುಲಿ ಗರ್ಜಿಸಿ ಅಡ್ಡಗಟ್ಟುವುದೂ, ಹಸು ಕರುವಿಗೆ ಬುದ್ಧಿ ಹೇಳುವುದೂ, ಉಳಿದ ಹಸುಗಳು ತಬ್ಬಲಿ ಕರುವನ್ನು ನೋಡಿಕೊಳ್ಳುವೆವೆಂದು ಮಾತು ಕೊಡುವುದೂ ಎಲ್ಲವೂ ಹಾಡಿನಲ್ಲೇ ನಡೆಯುತ್ತವೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದವನೆಂಬ ಕಾರಣಕ್ಕೆ ಹಾಡುಗಳ ಸಾಹಿತ್ಯವನ್ನು ತಿದ್ದುವ ಕೆಲಸವೂ ಆಮಂತ್ರಣ ಪತ್ರಿಕೆಯ ಒಕ್ಕಣೆಯೂ ನನ್ನ ಪಾಲಿಗೆ ಬಂದಿವೆ. ಪತ್ರಿಕೆಯಲ್ಲಿ ‘ಪುಣ್ಯಕೋಟಿ’ ಎಂಬ ಹೆಸರಿನ ಕೆಳಗೆ, ಇದು ಯಾವ ಬಗೆಯ ಆಟವೆಂದು ತಿಳಿಸುವ ಒಂದೇ ಒಂದು ಪದ ಬೇಕಾಗಿದೆ. ಮೂರು ವಾರದಿಂದ ನಾನು ಆ ಪದದ ಬೆನ್ನು ಹತ್ತಿದ್ದೇನೆ.

ತಂಡದ ತರುಣ ನಿರ್ದೇಶಕರು ಬರೆದುಕೊಟ್ಟಿದ್ದು ‘ಮಕ್ಕಳ ಒಪೆರಾ’ ಎಂದು. ಹೆಚ್ಚಾಗಿ ಮಾತನ್ನೂ ಹಾಡಿಯೇ ನಡೆಸುವ ಪಶ್ಚಿಮದ ನಾಟಕಕ್ಕೆ ಒಪೆರಾ ಎನ್ನುತ್ತಾರೆ. ಅದರ ಮೇಲೆ ನನಗೆ ದ್ವೇಷವೇನೂ ಇಲ್ಲ, ಆದರೆ ಕರಡನ್ನು ನೋಡಿದ ಪಾಲಕರೊಬ್ಬರು, “ಒಪೆರಾ ಅಂದ್ರ ಆಪರೇಶನ್ ಇದ್ದಂಗ ಏನ್ರಿ ಸರ?” ಎಂದು ಕೇಳಿಬಿಟ್ಟರು. ಸುತ್ತಲಿದ್ದವರು ನಕ್ಕರೂ ಅವರ ಕಿವಿ ತಪ್ಪು ಕೇಳಿರಲಿಲ್ಲ. ಎರಡೂ ಪದಗಳು ‘ಕೆಲಸ’ ಎಂಬ ಅರ್ಥದ ಒಂದೇ ಲ್ಯಾಟಿನ್ ಮೂಲದಿಂದ ಬಂದವು. ಇಟಾಲಿಯನ್ನಿನಲ್ಲಿ ಒಪೆರಾ ಎಂದರೆ ಮೊದಲಿಗೆ ಬರಿಯ ಕೃತಿ, ಮಾಡಿದ ಕೆಲಸ. ಅದರಲ್ಲಿ ಹಾಡೂ ಇಲ್ಲ, ಆಟವೂ ಇಲ್ಲ. ಫ್ಲಾರೆನ್ಸಿನಲ್ಲಿ 1598ರ ಸುಮಾರಿಗೆ ಯಾಕೊಪೊ ಪೆರಿ, ಮಾಂಟುವಾದಲ್ಲಿ 1607ರಲ್ಲಿ ಮಾಂಟೆವೆರ್ದಿ ಎಂಬ ಸಂಗೀತಕಾರರು ಮಾತನ್ನೆಲ್ಲ ಸ್ವರಕ್ಕೆ ಕೂಡಿಸಿ ಆಡಿಸಿದ ಮೇಲೆ, ಬರಬರುತ್ತ ಆ ಬಗೆಯ ಕೃತಿಗೇ ಆ ಹೆಸರು ನಿಂತಿತು. ಹೀಗಾಗಿ ಪದದ ಮೂಲವನ್ನು ಹಿಡಿದು ಅನುವಾದ ಮಾಡಹೊರಟರೆ ನಮಗೆ ದಕ್ಕುವುದು ‘ಕೃತಿ’ ಎಂಬ ಪದ, ಅದನ್ನು ಸಂಗೀತದವರು ಆಗಲೇ ಬೇರೆ ಅರ್ಥಕ್ಕೆ ಇಟ್ಟುಕೊಂಡಿದ್ದಾರೆ. ಆದ್ದರಿಂದ ವಸ್ತುವನ್ನು ನೋಡಿಯೇ ಹೆಸರಿಡಬೇಕು.

ಎಲ್ಲರಿಗೂ ಮೊದಲು ಹೊಳೆಯುವುದು ‘ಸಂಗೀತ ನಾಟಕ’. ಬೇರೆ ಊರಿನಲ್ಲಿ ಅದು ನಡೆಯಬಹುದು, ಬೆಳಗಾವಿಯಲ್ಲಿ ನಡೆಯುವುದಿಲ್ಲವೆಂದು ನನ್ನ ಎಣಿಕೆ. 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ವನ್ನು ಆಡಿಸಿ ಮರಾಠಿ ಸಂಗೀತ ನಾಟಕಕ್ಕೆ ದಾರಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಇಲ್ಲಿಯ ಹಳಬರ ಕಿವಿಯಲ್ಲಿ ‘ಸಂಗೀತ’ ಎಂಬ ಮಾತು ನಾಟಕದ ಹೆಸರಿಗೆ ಅಂಟಿಕೊಂಡೇ ಕುಳಿತಿದೆ, ಮತ್ತು ಅದರ ಅರ್ಥವೂ ಗೊತ್ತುಪಡಿಸಿದಂತೆ ಖಚಿತವಾಗಿದೆ: ಪಾತ್ರಗಳು ಮಾತಾಡುತ್ತವೆ, ಮಾತು ಒಂದು ಹದಕ್ಕೆ ಬಂದಾಗ ಪೇಟಿ ಏಳುತ್ತದೆ, ನಟ ಹಾಡುತ್ತಾನೆ, ಚೆನ್ನಾಗಿದ್ದರೆ ‘ಒನ್ಸ್ ಮೋರ್’ ಬೀಳುತ್ತದೆ, ಮತ್ತೆ ಮಾತು ಸಾಗುತ್ತದೆ. ಏಣಗಿ ಬಾಳಪ್ಪನವರಂಥ ಹಾಡುನಟರನ್ನು ಕೊಟ್ಟ ನಮ್ಮ ಕನ್ನಡ ಕಂಪನಿಗಳ ನಾಟಕವೂ ನಡೆದದ್ದು ಹೀಗೆಯೇ. ಆ ನಿರೀಕ್ಷೆಯಿಂದ ಬಂದು ಕುಳಿತವರಿಗೆ ಮಾತೇ ಇಲ್ಲದ ಆಟ ತೋರಿಸಿದರೆ, ಅರ್ಧ ಆಟದವರೆಗೆ ಅವರು ಮಾತಿನ ದಾರಿ ಕಾಯುತ್ತ ಕೂಡ್ರುತ್ತಾರೆ. ಇನ್ನು ‘ಸಂಗೀತ ನಾಟಕ ಅಕಾಡೆಮಿ’ಯಲ್ಲಿ ಇದೇ ಎರಡು ಪದಗಳು ‘ಸಂಗೀತವೂ ನಾಟಕವೂ’ ಎಂದು ಬಿಡಿಬಿಡಿಯಾಗಿ ನಿಲ್ಲುವುದರಿಂದ ಸಮಾಸದ ಗೊಂದಲವೊಂದು ಬೇರೆ.

ದಾರಿ ಕಾಯುವ ಮಾತನ್ನು ನಾನು ಊಹಿಸಿ ಬರೆಯುತ್ತಿಲ್ಲ, ತಾಲೀಮಿನಲ್ಲಿ ಕಣ್ಣಾರೆ ಕಂಡಿದ್ದೇನೆ. ಹುಲಿಯ ಪಾತ್ರದ ಹುಡುಗನ ಅಜ್ಜ ಬೈಲಹೊಂಗಲದ ಕಡೆ ಸಣ್ಣಾಟವೆಂಬ ಜನಪದ ನಾಟಕದಲ್ಲಿ ಪಾತ್ರ ಮಾಡಿದವರಂತೆ. ಮೊದಲ ದಿನ ಈ ಹುಡುಗ ತನ್ನ ನಾಲ್ಕು ಸಾಲುಗಳನ್ನು ಗಟ್ಟಿ ದನಿಯಲ್ಲಿ ಹಾಡಿ ಮುಗಿಸಿ, ಸೊಂಟದ ಮೇಲೆ ಕೈಯಿಟ್ಟು, ಪೇಟಿ ಮಾಸ್ತರರ ಕಡೆ ನೋಡುತ್ತ ಸುಮ್ಮನೆ ನಿಂತ. ಅವರು ಮುಂದಿನ ಸ್ವರ ಹಿಡಿದರೂ ಅವನು ಅಲುಗಲಿಲ್ಲ. “ಹಾಡಿದ್ದಾತ್ರಿ, ಇನ್ನ ಮಾತ ಯಾವಾಗ್ರಿ?” ಎಂದು ಕೇಳಿದ. ಹಾಡಿದ್ದನ್ನೇ ಮಾತಿನಲ್ಲಿ ಬಿಡಿಸಿ ಹೇಳದಿದ್ದರೆ ಹೇಳಿದಂತಾಗುವುದಿಲ್ಲ ಎಂಬ ತಿಳಿವಳಿಕೆ ಆ ಹುಡುಗನಿಗೆ ಮನೆಯಿಂದಲೇ ಬಂದದ್ದು. ನಮ್ಮ ಭಾಗದ ರಂಗವೆಲ್ಲ ಹಾಗೆಯೇ ಇದೆ. ಕುಲಗೋಡು ತಮ್ಮಣ್ಣನವರ ಶ್ರೀಕೃಷ್ಣ ಪಾರಿಜಾತದಲ್ಲಿ ಸತ್ಯಭಾಮೆ ಎಷ್ಟೇ ಸೊಗಸಾಗಿ ಹಾಡಲಿ, ದೂತಿ ಅಡ್ಡ ಬಾಯಿ ಹಾಕಿ ಆಡುಮಾತಿನಲ್ಲಿ ಕೆಣಕಿದಾಗಲೇ ಜನ ಅಲುಗಿ ಕೂಡ್ರುವುದು. ಸಂಗ್ಯಾಬಾಳ್ಯಾ ಸಣ್ಣಾಟದಲ್ಲೂ ಹಾಡಿನ ಬೆನ್ನಿಗೆ ಮಾತಿದೆ. ಹಾಗಾಗಿ ‘ಸಣ್ಣಾಟ’ ಎಂಬ ಚೆಲುವಾದ ಪದವನ್ನು ನಾನು ಎಷ್ಟು ಆಸೆಯಿಂದ ಎತ್ತಿಕೊಂಡಿದ್ದೆನೋ ಅಷ್ಟೇ ಬೇಸರದಿಂದ ಕೆಳಗಿಡಬೇಕಾಯಿತು. ಮಕ್ಕಳು ಆಡುವುದರಿಂದ ‘ಸಣ್ಣ’ ಎಂಬ ಶ್ಲೇಷವೂ ಒದಗುತ್ತಿತ್ತು.

‘ಗೀತನಾಟಕ’ ತಪ್ಪಿಲ್ಲದ ಪದ. ಪು.ತಿ. ನರಸಿಂಹಾಚಾರ್ಯರ ರಂಗಕೃತಿಗಳಿಂದಾಗಿ ಅದಕ್ಕೆ ಸಾಹಿತ್ಯದಲ್ಲಿ ಗೌರವದ ಸ್ಥಾನವೂ ಇದೆ, ನಿಘಂಟಿಗೆ ಒಂದೇ ಪದ ಕೊಡಿ ಎಂದರೆ ನಾನೂ ಇದನ್ನೇ ಕೊಡುವೆ. ಆದರೆ ಮಕ್ಕಳ ಪಾಲಕರ ಮುಂದೆ ಇಟ್ಟಾಗ, ಅದು ಪಠ್ಯಪುಸ್ತಕದ ಪ್ರಶ್ನೆಯ ಹಾಗೆ ಕೇಳಿಸಿತು. ‘ಗೀತರೂಪಕ’ವಂತೂ 1950ರಿಂದ ಧಾರವಾಡ ಆಕಾಶವಾಣಿಯನ್ನು ಕೇಳುತ್ತ ಬಂದ ಮನೆಗಳಲ್ಲಿ ಕಿವಿಗೆ ಸೇರಿದ್ದು, ಕಣ್ಣಿಗಲ್ಲ.

ಈಗ ನನ್ನ ಮುಖ್ಯ ಪ್ರಶ್ನೆಗೆ ಬರುತ್ತೇನೆ. ದೊಡ್ಡಾಟ, ಸಣ್ಣಾಟ, ಬಯಲಾಟ, ಕೋಲಾಟ, ಗೊಂಬೆಯಾಟ ಎಂದೆಲ್ಲ ಇರುವಾಗ ‘ಹಾಡಾಟ’ ಏಕೆ ಆಗಬಾರದು ಎಂದು ಒಂದು ರಾತ್ರಿ ಹೊಳೆಯಿತು. ನಮ್ಮ ಭಾಗದಲ್ಲಿ ಆಟವೆಂದರೆ ರಂಗದ ಮೇಲಿನ ಆಟವೇ. ಸಿನೆಮಾಕ್ಕೂ ‘ಮೊದಲನೇ ಆಟ, ಎರಡನೇ ಆಟ’ ಎನ್ನುವವರು ನಾವು. ಸಂಧಿಯೂ ಸರಳ. ಖುಷಿಯಿಂದ ಮರುದಿನ ತಾಲೀಮಿನಲ್ಲಿ ಹೇಳಿದೆ. ಕರುವಿನ ಪಾತ್ರದ ಒಂಬತ್ತು ವರ್ಷದ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದಳು. ಯಾಕವ್ವಾ ಎಂದರೆ, “ಒದರಾಟ ಅಂದಂಗ ಆತ್ರಿ ಸರ” ಎಂದಳು.

ವ್ಯಾಕರಣವನ್ನು ಇಷ್ಟು ವರ್ಷ ಕಲಿಸಿದ ನನಗೆ ಹೊಳೆಯದ್ದು ಅವಳಿಗೆ ಹೊಳೆದಿತ್ತು. ಕನ್ನಡದಲ್ಲಿ ‘ಆಟ’ ಎರಡು ಕೆಲಸ ಮಾಡುತ್ತದೆ. ನಾಮಪದದ ಮುಂದೆ ನಿಂತಾಗ ಅದು ನಿಜವಾದ ಆಟ, ಅಂದರೆ ಬಯಲಿನಲ್ಲಿ ಆಡುವ ಆಟ, ಕೋಲು ಹಿಡಿದು ಆಡುವ ಆಟ. ಕ್ರಿಯಾಪದದ ಮುಂದೆ ನಿಂತಾಗ ಆಟದ ಅರ್ಥ ಕರಗಿ, ಒಂದು ಕೆಲಸ ಎಡೆಬಿಡದೆ, ಗೊತ್ತುಗುರಿಯಿಲ್ಲದೆ, ಹಲವು ಸಲ ಪಾಡುಪಡುತ್ತ ನಡೆಯುತ್ತಿದೆ ಎಂಬ ಭಾವ ಉಳಿಯುತ್ತದೆ: ಓಡಾಟ, ಹುಡುಕಾಟ, ಕೂಗಾಟ, ಒದ್ದಾಟ, ಜಗ್ಗಾಟ, ಚೀರಾಟ. ಬಯಲು ಎಂಬುದು ನಾಮಪದವಷ್ಟೇ, ಕೂಗು ಎಂದರೆ ಕಿವಿಗೆ ಮೊದಲು ತಾಗುವುದು ಕ್ರಿಯೆ. ಆದರೆ ‘ಹಾಡು’ ಎರಡೂ ಆಗಿರುವುದರಿಂದ ‘ಹಾಡಾಟ’ವನ್ನು ಕೇಳಿದವರು ಯಾವ ಕಡೆಗೂ ವಾಲಬಹುದು. ಮಕ್ಕಳು ಕೂಗಾಟ, ಒದರಾಟಗಳನ್ನು ದಿನವೂ ಬೈಗುಳದ ರೂಪದಲ್ಲಿ ಕೇಳುವವರು, ಆದ್ದರಿಂದ ಅವರು ಆ ಕಡೆಗೇ ವಾಲಿದರು. ನಾಮಪದದ ಮುಂದಿನ ಆಟವೂ ಪೂರಾ ಸಜ್ಜನನಲ್ಲ ಎಂಬುದು ಬೇರೆ ಮಾತು, ‘ಹುಡುಗಾಟ’ವನ್ನೇ ನೋಡಿ.

ಇದಕ್ಕೆ ಪರಿಹಾರವನ್ನು ನಮ್ಮ ಜನಪದರೇ ಮಾಡಿಟ್ಟಿದ್ದಾರೆಂದು ಆಮೇಲೆ ಕಂಡಿತು. ಸಣ್ಣಾಟಕ್ಕೆ ಈ ಕಡೆ ‘ಡಪ್ಪಿನಾಟ’ ಎಂಬ ಇನ್ನೊಂದು ಹೆಸರಿದೆ. ಅಲ್ಲಿ ಷಷ್ಠಿಯ ‘ಇನ’ ಬಂದು ಕುಳಿತಿದೆ. ಅದೇ ಅಚ್ಚಿನಲ್ಲಿ ‘ಹಾಡಿನಾಟ’ ಎಂದರೆ, ‘ಹಾಡಿನ’ ಎಂಬುದು ಕ್ರಿಯಾಪದವಾಗಲು ಸಾಧ್ಯವೇ ಇಲ್ಲದ್ದರಿಂದ ಒದರಾಟದ ನೆರಳು ತಪ್ಪುತ್ತದೆ, ಮೂಲ ಕಥೆಯ ಹೆಸರಿನಲ್ಲಿರುವ ‘ಹಾಡು’ ಕೂಡ ಉಳಿಯುತ್ತದೆ. ‘ಗೋವಿನ ಹಾಡು’ ಎಂಬಲ್ಲಿ ಹಾಡು ಎಂದರೆ ಬರಿಯ ಗೀತೆಯಲ್ಲ, ಹಾಡಿ ಹೇಳುವ ಇಡೀ ಕಥೆ ಎಂಬ ಹಳೆಯ ಅರ್ಥವಿದೆಯಷ್ಟೆ. ಒಪೆರಾಕ್ಕೆ ಬೇಕಾದ ಅರ್ಥವೂ ಇದೇ ಆದ್ದರಿಂದ ಪದ ಸರಿಯಾಗಿ ಕೂಡ್ರುತ್ತದೆ ಎಂದುಕೊಂಡೆ.

ಆದರೆ ‘ಮಕ್ಕಳ’ ಎಂಬ ವಿಶೇಷಣ ಮೊದಲಿಗೆ ಬಂದೊಡನೆ ಮತ್ತೊಂದು ತೊಡಕು ಎದ್ದಿತು. ‘ಮಕ್ಕಳ ಹಾಡಿನಾಟ’ ಎಂದು ದೊಡ್ಡ ಅಕ್ಷರದಲ್ಲಿ ಬರೆದು ನೋಡಿದರೆ, ಬಾಲವಾಡಿಯ ಕೂಸುಗಳು ಕೈ ಕೈ ಹಿಡಿದು ವೃತ್ತದಲ್ಲಿ ಸುತ್ತುವ ಚಿತ್ರ ಕಣ್ಣೆದುರು ಬರುತ್ತದೆ. ಮಕ್ಕಳ ಸಹವಾಸದಲ್ಲಿ ಆಟ ಮತ್ತೆ ಬರಿಯ ಆಟವಾಗಿಬಿಡುತ್ತದೆ. ಜರ್ಮನರಿಗೂ ಈ ದ್ವಂದ್ವವಿದೆಯೆಂಬುದು ನನಗೆ ಸಮಾಧಾನ ತಂದಿತು. ಅವರ ‘ಸಿಂಗ್‌ಶ್ಪೀಲ್’ ಎಂಬ ಪದದಲ್ಲಿ ಮೊದಲ ಭಾಗ ಹಾಡು, ಎರಡನೆಯದು ಆಟ. ಶ್ಪೀಲ್ ಎಂದರೆ ಚೆಂಡಿನಾಟವೂ ಹೌದು, ರಂಗದ ಆಟವೂ ಹೌದು. ಅಕ್ಷರಶಃ ಅದು ನಮ್ಮ ಹಾಡಾಟವೇ. ಆದರೆ ಅವರು ಆ ಹೆಸರನ್ನು ಕೊಟ್ಟಿದ್ದು ನಡುನಡುವೆ ಮಾತಿರುವ ಬಗೆಗೆ. ಮೊಜಾರ್ಟನು 1791ರಲ್ಲಿ ವಿಯೆನ್ನಾದಲ್ಲಿ ಆಡಿಸಿದ ‘ಮಾಯಾ ಕೊಳಲು’ ಈ ಜಾತಿಯದು, ಅದನ್ನು ಒಪೆರಾ ಎಂದೇ ಎಲ್ಲರೂ ಕರೆಯುತ್ತಾರೆ. ಅಂದಮೇಲೆ ‘ಮಾತಿಲ್ಲದ್ದೇ ಒಪೆರಾ’ ಎಂಬ ನನ್ನ ಗೆರೆಯನ್ನು ಪಶ್ಚಿಮದವರೇ ಅಷ್ಟು ಬಿಗಿಯಾಗಿ ಪಾಲಿಸಿಲ್ಲ ಎಂದು ಒಪ್ಪಬೇಕು. ಆದರೂ ನಮ್ಮ ಊರಿನ ಪ್ರೇಕ್ಷಕರಿಗೆ ಮೊದಲೇ ತಿಳಿಸಬೇಕಾದ ಸಂಗತಿ ಅದೊಂದೇ ಆಗಿರುವುದರಿಂದ, ಈ ಗೆರೆಯನ್ನು ನಾನು ಬಿಡಲಾರೆ.

‘ಮಕ್ಕಳ’ ಎಂಬ ಷಷ್ಠಿಗೂ ಎರಡು ಅರ್ಥ ಬರುತ್ತದೆ. ಮಕ್ಕಳಿಗಾಗಿ ಆಡುವುದೋ, ಮಕ್ಕಳೇ ಆಡುವುದೋ? ಜರ್ಮನ್ ಸಂಗೀತಕಾರ ಹುಂಪರ್ಡಿಂಕನ ‘ಹಾನ್ಸೆಲ್ ಮತ್ತು ಗ್ರೇಟೆಲ್’ ಒಪೆರಾ 1893ರ ಡಿಸೆಂಬರ್ 23ರಂದು ವೈಮಾರ್‌ನಲ್ಲಿ ಮೊದಲ ಸಲ ರಂಗಕ್ಕೆ ಬಂದಿತು. ತಂಗಿಯ ಮಕ್ಕಳ ಮನೆಯಾಟಕ್ಕೆಂದು ಅವನು ಕೂಡಿಸಿಕೊಟ್ಟ ನಾಲ್ಕಾರು ಹಾಡುಗಳಿಂದ ಬೆಳೆದದ್ದು ಅದು, ಸಾಹಿತ್ಯವೂ ಆ ತಂಗಿಯದೇ. ಆದರೆ ಅದರಲ್ಲಿ ಅಣ್ಣತಂಗಿಯರ ಪಾತ್ರಗಳನ್ನು ಹಾಡುವವರು ಸಾಮಾನ್ಯವಾಗಿ ವಯಸ್ಸಿಗೆ ಬಂದ ಗಾಯಕಿಯರು. ಹಾನ್ಸ್ ಕ್ರಾಸಾನ ‘ಬ್ರುಂಡಿಬಾರ್’ ಹಾಗಲ್ಲ, ಅದು ಮಕ್ಕಳೇ ಹಾಡುವುದು. ನಾಜಿಗಳ ತೆರೆಜಿನ್ ಬಂದೀಖಾನೆಯಲ್ಲಿ 1943ರಿಂದ ಮರುವರ್ಷದವರೆಗೆ ಸೆರೆಯ ಮಕ್ಕಳು ಅದನ್ನು 55 ಸಲ ಆಡಿದರು. ಎರಡಕ್ಕೂ ಕನ್ನಡದಲ್ಲಿ ‘ಮಕ್ಕಳ ಒಪೆರಾ’ ಎಂದೇ ಬರೆಯಬೇಕಾಗುತ್ತದೆ. ನಮ್ಮ ಪತ್ರಿಕೆಯ ಮಟ್ಟಿಗೆ ‘ಮಕ್ಕಳು ಆಡುವ’ ಎಂದು ಬಿಡಿಸಿ ಬರೆದರೆ ಸಾಕೆಂದು ತೋರುತ್ತದೆ. ಹಾಗೆ ಬಿಡಿಸಿದಾಗ ‘ಮಕ್ಕಳು ಆಡುವ ಹಾಡಿನಾಟ’ ಎಂಬುದರಲ್ಲಿ ಬಾಲವಾಡಿಯ ವಾಸನೆ ಸ್ವಲ್ಪ ಕಡಿಮೆಯಾಯಿತೇ, ಅಥವಾ ನಾನೇ ಹಾಗೆಂದುಕೊಂಡೆನೇ ಎಂದು ನಿಮ್ಮ ಕಿವಿಗಳೇ ಹೇಳಬೇಕು.

ಇದರ ಜೊತೆಗೆ ಎರಡು ಸಣ್ಣ ಸಂದೇಹಗಳು. ಕರಡಿನಲ್ಲಿ ‘ಹೊಸ ಪ್ರಯೋಗ’ ಎಂದಿದೆ. ಮರಾಠಿಯ ನೆರೆಯಲ್ಲಿರುವ ನಮಗೆ, ಕಂಪನಿಯವರ ರೂಢಿಯಿಂದಲೂ, ಪ್ರಯೋಗವೆಂದರೆ ಒಂದು ಸಲದ ಪ್ರದರ್ಶನ. ‘ನೂರನೆಯ ಪ್ರಯೋಗ’ ಎನ್ನುವುದು ಹಾಗೆ. ಹೊಸ ತಲೆಮಾರಿನವರಿಗೆ ಅದು ‘ಮಾಡಿ ನೋಡೋಣ’ ಎಂಬ ಪರೀಕ್ಷೆ. ಹೇಳಬೇಕಾದದ್ದು ಎರಡೂ ಅಲ್ಲ, ಹಳೆಯ ಕಥೆಯನ್ನು ಹೊಸ ರೀತಿಯಲ್ಲಿ ರಂಗಕ್ಕೆ ಅಣಿಗೊಳಿಸಿದ್ದೇವೆ ಎಂಬುದು. ಪದ (ಅಂದರೆ ಹಾಡು) ಕಟ್ಟುವುದು, ಮೇಳ ಕಟ್ಟುವುದು ಎಂಬ ಮಾತುಗಳ ಆಸರೆಯಲ್ಲಿ ನಾನು ‘ಹೊಸದಾಗಿ ಕಟ್ಟಿದ’ ಎಂದು ತಿದ್ದಿದ್ದೇನೆ. ತಂಡಕ್ಕೆ ‘ಮಕ್ಕಳ ಮೇಳ’ ಎಂದು ಹೆಸರಿಡುವ ಆಸೆಯಿತ್ತು. ಭಜನಾ ಮೇಳ, ಗೀಗೀ ಮೇಳ, ಡೊಳ್ಳಿನ ಮೇಳಗಳ ಸಾಲಿನಲ್ಲಿ ಅದು ನಮ್ಮದೇ ಪದ. ಆದರೆ ಪುಸ್ತಕ ಮೇಳ, ಉದ್ಯೋಗ ಮೇಳಗಳ ಈ ಕಾಲದಲ್ಲಿ ಜನ ಮಕ್ಕಳ ಬಟ್ಟೆಬರೆಯ ಮಾರಾಟವೆಂದುಕೊಂಡು ಚೀಲ ಹಿಡಿದು ಬಂದಾರೆಂದು ಪೇಟಿ ಮಾಸ್ತರರು ತಡೆದರು.

ನನ್ನ ಪ್ರಶ್ನೆಗಳು ಇವು. ‘ಹಾಡಿನಾಟ’ ಎಂಬ ಪದವನ್ನು ಬಾಗಲಕೋಟೆ, ವಿಜಯಪುರದ ಕಡೆಯಾಗಲಿ ಬೇರೆಡೆಯಾಗಲಿ ಯಾವ ಅರ್ಥದಲ್ಲಿಯಾದರೂ ಬಳಸಿದ್ದನ್ನು ಯಾರಾದರೂ ಕೇಳಿದ್ದೀರಾ? ಗದ್ಯದ ಮಾತಿಲ್ಲದೆ ಪಾತ್ರಗಳು ಹಾಡಿಯೇ ಮುಗಿಸುವ ಯಾವುದಾದರೂ ಆಟ ನಿಮ್ಮೂರಲ್ಲಿ ಇದ್ದರೆ ಅದಕ್ಕೆ ಏನೆನ್ನುತ್ತಾರೆ? ‘ಹಾಡಾಟ’ವನ್ನು ಕೇಳಿದೊಡನೆ ನಿಮ್ಮ ಮನೆಯ ಮಕ್ಕಳಿಗೂ ಒದರಾಟ ನೆನಪಾಗುತ್ತದೆಯೇ? ದಯವಿಟ್ಟು ಕೇಳಿ ನೋಡಿ, ಆದರೆ ಮೊದಲೇ ಸುಳುಹು ಕೊಡದೆ ಕೇಳಿರಿ. ಪತ್ರಿಕೆಯ ಕರಡಿನಲ್ಲಿ ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಛಾಪಖಾನೆಯವರು ಶುಕ್ರವಾರ ಸಂಜೆಯವರೆಗೆ ತಡೆಯಲು ಒಪ್ಪಿದ್ದಾರೆ.