ಮಂಗನಿಗೆ ಬಾಲ ಇದೆ, ನಮ್ಮದು ಎಲ್ಲಿ ಹೋಯಿತು?

ತೋಟದ ಅಜ್ಜ, ಶಿರಸಿ
ಈ ವರ್ಷ ಅಡಿಕೆ ತೋಟದಲ್ಲಿ ಮಂಗನ ಕಾಟ ಜಾಸ್ತಿ. ಬಾಳೆಗೊನೆ ಒಂದೂ ಉಳಿಸಲಿಲ್ಲ. ಎಳೆ ಅಡಿಕೆಯನ್ನೂ ಚೀಪಿ ಬಿಸಾಡುತ್ತವೆ. ಮೊನ್ನೆ ಗರ್ನಾಲು ಹೊಡೆಯುವಾಗ ಏಳನೇ ಕ್ಲಾಸಿನ ಮೊಮ್ಮಗಳು ಪಕ್ಕದಲ್ಲಿದ್ದಳು. "ಅಜ್ಜಾ, ನಾವು ಮಂಗನಿಂದ ಬಂದವರಾದರೆ ಇವು ಯಾಕೆ ಇನ್ನೂ ಮಂಗಗಳಾಗೇ ಇವೆ? ನಮ್ಮ ಬಾಲ ಎಲ್ಲಿ ಹೋಯಿತು?" ಅಂದಳು. ಬಳಸದೆ ಸವೆದು ಹೋಯಿತು ಅಂದೆ. "ಹಾಗಾದರೆ ನಿನ್ನ ಕಿವಿ ಮೇಲಿನ ಕೂದಲು ಯಾಕೆ ಸವೆದಿಲ್ಲ?" ಅಂತ ಕೇಳಬೇಕೇ! ಗೊತ್ತಿದ್ದವರು ಹೇಳಿ, ಮರ್ಯಾದೆ ಪ್ರಶ್ನೆ.

ನಿವೃತ್ತ ಮೇಷ್ಟ್ರು, ಕಾರವಾರ
ನಮಸ್ಕಾರ. ಮಂಗ ನಮ್ಮ ಪೂರ್ವಜ ಅಲ್ಲ, ದಾಯಾದಿ. ಮೂಲಮನೆ ಒಂದೇ. ಸುಮಾರು 2.5ರಿಂದ 3 ಕೋಟಿ ವರ್ಷದ ಹಿಂದೆ ಹಿಸ್ಸೆ ಆಯಿತು. ನಿಮ್ಮ ತೋಟದ ಮಂಗ, ಅಘನಾಶಿನಿ ಕಾಡಿನ ಸಿಂಗಳೀಕ ಎಲ್ಲ ಅತ್ತ ಕಡೆಯವರು. ಇತ್ತ ಕಡೆ ಗಿಬ್ಬನ್, ಒರಾಂಗುಟಾನ್, ಗೊರಿಲ್ಲಾ, ಚಿಂಪಾಂಜಿ, ನಾವು. ಇವರಲ್ಲಿ ಯಾರಿಗೂ ಬಾಲ ಇಲ್ಲ. ಚಿಂಪಾಂಜಿಯಿಂದ ನಾವು ಬೇರೆಯಾದದ್ದು 60–70 ಲಕ್ಷ ವರ್ಷದ ಹಿಂದೆ. ಅಂದರೆ ಮನುಷ್ಯ ಹುಟ್ಟುವ ಎಷ್ಟೋ ಮುಂಚೆಯೇ ಬಾಲ ಹೋಗಿತ್ತು.

ಸವೆತದ ಮಾತು ಬಿಡಿ. ಹೋರಿಯ ಕೊಂಬು ಕೊರೆಸಿದರೆ ಕರುವಿಗೆ ಕೊಂಬು ಬಾರದೇ ಇರುತ್ತದೆಯೇ? 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಸಂಶೋಧನೆ ಬಂತು. ಟಿಬಿಎಕ್ಸ್‌ಟಿ ಎಂಬ ಜೀನ್ ಒಳಗೆ ಡಿಎನ್‌ಎಯ ಒಂದು ಪುಟ್ಟ ತುಂಡು ಯಾವಾಗಲೋ ಬಂದು ಸೇರಿಕೊಂಡಿದೆ. ಬಾಲ ಇಲ್ಲದ ನಮ್ಮ ಗುಂಪಿನವರಲ್ಲಿ ಅದು ಇದೆ, ಬಾಲದ ಮಂಗಗಳಲ್ಲಿ ಇಲ್ಲ. ಅದರಿಂದಾಗಿ ಪ್ರೋಟೀನ್ ತಯಾರಾಗುವಾಗ ಒಂದು ಭಾಗ ಬಿಟ್ಟುಹೋಗುತ್ತದೆ. ಚುಂಡಿಲಿಗಳಲ್ಲಿ ಹಾಗೇ ಮಾಡಿ ನೋಡಿದರು. ಕೆಲವಕ್ಕೆ ಮೋಟು ಬಾಲ, ಕೆಲವಕ್ಕೆ ಬಾಲವೇ ಇಲ್ಲ. ಕೆಲವು ಮರಿಗಳಿಗೆ ಬೆನ್ನುಹುರಿಯ ತೊಂದರೆಯೂ ಬಂತು. ಬಾಲ ಪುಕ್ಕಟೆ ಹೋಗಿಲ್ಲ ಅನ್ನಿ.

ಬಸ್ ಪಾಸ್, ಕುಮಟಾ
ಹೋದದ್ದೇ ಒಳ್ಳೆಯದಾಯ್ತು. ಶಿರಸಿ ಬಸ್ಸಿನಲ್ಲಿ ನಿಲ್ಲಲಿಕ್ಕೇ ಜಾಗ ಇಲ್ಲ, ಬಾಲ ಎಲ್ಲಿ ಇಡೋದು?

ನರ್ಸಕ್ಕ, ಸಿದ್ದಾಪುರ
ಪೂರ್ತಿ ಹೋಗಿಲ್ಲ ಅಜ್ಜಾ. ಹೊಟ್ಟೆಯಲ್ಲಿ ಐದಾರು ವಾರದ ಕೂಸಿಗೆ ಪುಟ್ಟ ಬಾಲ ಇರುತ್ತದೆ. ಎಂಟನೇ ವಾರದ ಹೊತ್ತಿಗೆ ಕರಗುತ್ತದೆ. ಉಳಿಯುವುದು ಬೆನ್ನಿನ ತುದಿಯ ಬಾಲಮೂಳೆ. ಹೋದ ಮಳೆಗಾಲ ಪಾಚಿ ಹಿಡಿದ ಅಂಗಳದಲ್ಲಿ ಜಾರಿ ಅದರ ಮೇಲೇ ಕೂತುಬಿಟ್ಟೆ. ಎರಡು ತಿಂಗಳು ನಿಂತೇ ಊಟ. ಅದು ಸುಮ್ನೆ ಇರುವ ಮೂಳೆಯೂ ಅಲ್ಲ, ಕಿಬ್ಬೊಟ್ಟೆಯ ತಳದ ಸ್ನಾಯುಗಳು ಅದನ್ನೇ ಹಿಡಿದುಕೊಂಡಿವೆ.

ತೋಟದ ಅಜ್ಜ, ಶಿರಸಿ
ಎಲ್ಲ ಓದಿ ಹೇಳಿದೆ. ದಾಯಾದಿ ಅನ್ನುವುದು ಅವಳಿಗಿಂತ ನನಗೆ ಬೇಗ ಅರ್ಥವಾಯಿತು, ನಮ್ಮ ಮನೆಯ ಹಿಸ್ಸೆ ಕೇಸು ಹದಿನಾಲ್ಕು ವರ್ಷ ನಡೆದಿತ್ತು. ಈಗ ಗರ್ನಾಲು ಮುಟ್ಟಲು ಬಿಡುತ್ತಿಲ್ಲ. ದಾಯಾದಿ ಅಂದಮೇಲೆ ಬಾಳೆಗೊನೆಯಲ್ಲಿ ಪಾಲು ಕೊಡಬೇಕಂತೆ. ಮೇಷ್ಟ್ರೇ, ಇದಕ್ಕೊಂದು ಉತ್ತರ ಹುಡುಕಿಕೊಡಿ. ಹಾಂ, ಕಿವಿ ಕೂದಲಿನ ಬಗ್ಗೆ ಯಾರೂ ಹೇಳಲಿಲ್ಲ.