ಪದೇ ಪದೇ ಕುಸಿಯುವ ರಕ್ತದ ಸಕ್ಕರೆ: ರೋಗಿಯ ಮೇಲಿನ ಅನುಮಾನವನ್ನು ಹೇಗೆ ನಿಭಾಯಿಸಬೇಕು?

ಪ್ರಶ್ನೆ (ತಾಲ್ಲೂಕು ಆಸ್ಪತ್ರೆಯ ವೈದ್ಯ):
ಮಧುಮೇಹವಿಲ್ಲದ, ವೃತ್ತಿಯಲ್ಲಿ ನರ್ಸ್ ಆಗಿರುವ ಯುವತಿಯೊಬ್ಬರು ರಕ್ತದ ಸಕ್ಕರೆ ತೀರಾ ಕುಸಿದು, ಬೆವರುತ್ತಾ, ಅರೆಪ್ರಜ್ಞೆಯಲ್ಲಿ ನಮ್ಮಲ್ಲಿ ಪದೇ ಪದೇ ದಾಖಲಾಗುತ್ತಿದ್ದಾರೆ. ಡ್ರಿಪ್ ಹಾಕಿದೊಡನೆ ಚೇತರಿಸಿಕೊಳ್ಳುತ್ತಾರೆ. ಸ್ಕ್ಯಾನಿಂಗ್‌ನಲ್ಲಿ ಏನೂ ಕಂಡಿಲ್ಲ. ಅವರೇ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದಾರೆಂಬ ಗುಸುಗುಸು ವಾರ್ಡಿನಲ್ಲಿದ್ದು, ಬ್ಯಾಗ್ ತಪಾಸಣೆ ಮಾಡಿ ನೇರವಾಗಿ ಕೇಳಿಬಿಡಿ ಎಂದು ಕೆಲವರು ಒತ್ತಾಯಿಸುತ್ತಿದ್ದಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಹಿರಿಯರು ದಾರಿ ತೋರಬೇಕು.

ಉತ್ತರ 1 (ಫಿಸಿಷಿಯನ್):
ಒಪ್ಪಿಗೆಯಿಲ್ಲದೆ ಬ್ಯಾಗ್ ಮುಟ್ಟಬೇಡಿ, ಡಾಕ್ಟರೇ. ಮುಂದಿನ ಬಾರಿ ಸಕ್ಕರೆ ಡೆಸಿಲೀಟರಿಗೆ 55 ಮಿಲಿಗ್ರಾಂಗಿಂತ ಕೆಳಗಿಳಿದಾಗ, ಗ್ಲೂಕೋಸ್ ಕೊಡುವ ಮುನ್ನ, ಆದರೆ ಚಿಕಿತ್ಸೆ ತಡವಾಗದಂತೆ, ರಕ್ತ ತೆಗೆದು ಗ್ಲೂಕೋಸ್, ಇನ್ಸುಲಿನ್ ಮತ್ತು ಸಿ-ಪೆಪ್ಟೈಡ್ ಪರೀಕ್ಷೆಗೆ ಕಳುಹಿಸಿ. ಮೇದೋಜ್ಜೀರಕ ಗ್ರಂಥಿ ಇನ್ಸುಲಿನ್ ಸ್ರವಿಸುವಾಗ ಸಿ-ಪೆಪ್ಟೈಡ್ ಎಂಬ ಪ್ರೋಟೀನ್ ತುಣುಕು ಕೂಡ ಹೊರಬರುತ್ತದೆ. ಚುಚ್ಚುಮದ್ದಿನ ಇನ್ಸುಲಿನ್‌ನಲ್ಲಿ ಅದು ಇರುವುದಿಲ್ಲ. ಆದ್ದರಿಂದ ಇನ್ಸುಲಿನ್ ಹೆಚ್ಚಿದ್ದು ಸಿ-ಪೆಪ್ಟೈಡ್ ತಗ್ಗಿದ್ದರೆ ಇನ್ಸುಲಿನ್ ಹೊರಗಿನಿಂದ ಬಂದಿದೆ ಎಂದರ್ಥ. ಎರಡೂ ಹೆಚ್ಚಿದ್ದರೆ ಇನ್ಸುಲಿನೋಮಾ ಎಂಬ, ಇನ್ಸುಲಿನ್ ಸ್ರವಿಸುವ ಗಡ್ಡೆಯನ್ನೂ, ಗ್ರಂಥಿಯಿಂದ ಹೆಚ್ಚು ಇನ್ಸುಲಿನ್ ಹೊರಡಿಸುವ ಗ್ಲಿಮೆಪಿರೈಡ್‌ನಂಥ ಮಧುಮೇಹದ ಮಾತ್ರೆಗಳನ್ನೂ ಯೋಚಿಸಬೇಕು. ಗಡ್ಡೆ ಚಿಕ್ಕದಿದ್ದರೆ ಸ್ಕ್ಯಾನಿಂಗ್‌ನಲ್ಲಿ ಕಾಣದೆಯೂ ಇರಬಹುದು. ಔಷಧಿ ಅಂಗಡಿಯಲ್ಲಿ ಮಾತ್ರೆ ಅದಲುಬದಲಾಗಿರುವ ಸಾಧ್ಯತೆಯನ್ನೂ ಮರೆಯಬೇಡಿ. ಇನ್ನೊಂದು ಮಾತು: ಕೆಲವು ಲ್ಯಾಬ್ ವಿಧಾನಗಳು ಹೊಸ ಬಗೆಯ ಅನಲಾಗ್ (ರಚನೆಯನ್ನು ತುಸು ಬದಲಿಸಿದ) ಇನ್ಸುಲಿನ್‌ಗಳನ್ನು ಗುರುತಿಸುವುದಿಲ್ಲವಾದ್ದರಿಂದ, ಯಾವ ವಿಧಾನ ಬಳಸುತ್ತಾರೆಂದು ಮೊದಲೇ ಕೇಳಿಕೊಳ್ಳಿ.

ಉತ್ತರ 2 (ಮನೋವೈದ್ಯೆ):
ಫಲಿತಾಂಶ ಅನುಮಾನವನ್ನು ದೃಢಪಡಿಸಿದರೂ ಅದು ಅವರನ್ನು ಹಿಡಿದುಹಾಕುವ ಸಾಕ್ಷ್ಯವಲ್ಲ. ರಜೆ, ಪರಿಹಾರಧನ ಅಥವಾ ಶಿಕ್ಷೆಯಿಂದ ಬಿಡುಗಡೆಗಾಗಿ ನಟಿಸುವುದು ಬೇರೆ. ಅಂಥ ಯಾವ ಲಾಭವೂ ಕಾಣದಿದ್ದರೂ ತನ್ನ ದೇಹಕ್ಕೆ ತಾನೇ ಅಪಾಯ ತಂದುಕೊಂಡು ರೋಗಿಯ ಸ್ಥಾನದಲ್ಲಿ ಉಳಿಯುವುದು ಬೇರೆ. 1951ರಲ್ಲಿ ಬ್ರಿಟಿಷ್ ವೈದ್ಯ ರಿಚರ್ಡ್ ಆಶರ್ ‘ಮಂಚೌಸನ್ ಸಿಂಡ್ರೋಮ್’ ಎಂದು ಕರೆದದ್ದು ಈ ಎರಡನೆಯದರ ತೀವ್ರ ರೂಪವನ್ನು. ಉದ್ದೇಶಪೂರ್ವಕವಲ್ಲದ ಫಂಕ್ಷನಲ್ (ನರಮಂಡಲದ ರಚನೆಗೆ ಹಾನಿಯಾಗದೆ ಅದರ ಕಾರ್ಯ ಏರುಪೇರಾಗಿ ಬರುವ) ಸೆಳವು, ಪಾರ್ಶ್ವ ದೌರ್ಬಲ್ಯಗಳನ್ನು ಇವೆರಡರ ಜೊತೆಗೂ ಸೇರಿಸಬಾರದು. ಆ ರೋಗಿಗಳು ಏನನ್ನೂ ಸೃಷ್ಟಿಸುತ್ತಿರುವುದಿಲ್ಲ.

ನೀವೂ ಮನೋವೈದ್ಯರೂ ಜೊತೆಯಾಗಿ, ಏಕಾಂತದಲ್ಲಿ ಮಾತನಾಡಿ. “ಪರೀಕ್ಷೆಯ ಪ್ರಕಾರ ಇನ್ಸುಲಿನ್ ಹೊರಗಿನಿಂದ ಬಂದಿದೆ. ತೀವ್ರ ಸಂಕಟದಲ್ಲಿರುವವರು ಕೆಲವೊಮ್ಮೆ ಹೀಗೆ ಮಾಡಿಕೊಳ್ಳುವುದುಂಟು. ನಾವು ನಿಮ್ಮನ್ನು ಬಿಟ್ಟುಹೋಗುವುದಿಲ್ಲ” ಎನ್ನಿ. ತಪ್ಪೊಪ್ಪಿಗೆಗಾಗಿ ಪಟ್ಟು ಹಿಡಿಯಬೇಡಿ. ಒಪ್ಪಿಕೊಳ್ಳದೆಯೇ ಚಿಕಿತ್ಸೆಗೆ ಬರುವವರೂ ಇದ್ದಾರೆ. ಖಿನ್ನತೆ ಮತ್ತು ಆತ್ಮಹತ್ಯೆಯ ಆಲೋಚನೆಯ ಬಗ್ಗೆ ಅಂದೇ ವಿಚಾರಿಸಿ, ಏಕೆಂದರೆ ಇನ್ಸುಲಿನ್ ಪ್ರಾಣ ತೆಗೆಯಬಲ್ಲದು.

ಉತ್ತರ 3 (ವಾರ್ಡಿನ ಹಿರಿಯ ಶುಶ್ರೂಷಾಧಿಕಾರಿ):
ಗುಸುಗುಸು ನಿಲ್ಲಿಸುವುದೇ ಮೊದಲ ಕೆಲಸವೆಂದು ನನಗನಿಸುತ್ತದೆ. ಆಕೆ ನಮ್ಮದೇ ವೃತ್ತಿಯವರು. ಒಂದು ಮಾತು ಹೊರಬಿದ್ದರೆ ಆಕೆಯ ಉದ್ಯೋಗಕ್ಕೇ ಕುತ್ತು ಬರಬಹುದು. ಕೇಸ್ ಶೀಟಿನಲ್ಲಿ ‘ನಾಟಕ’ ಎಂದು ಬರೆಯದೆ, ಕಂಡದ್ದನ್ನು ಸಮಯಸಹಿತ ಬರೆಯಲು ಎಲ್ಲ ಪಾಳಿಯವರಿಗೂ ತಿಳಿಸಿ. ವಾರ್ಡಿನ ಇನ್ಸುಲಿನ್ ಫ್ರಿಜ್‌ಗೆ ಬೀಗವಿರಲಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಆಕೆಯ ಪತಿ ಕಾರಣ ತಿಳಿಸಿ ಎಂದು ಕೇಳುತ್ತಿದ್ದಾರೆ. ಹೇಳಬಹುದೇ?

ಉತ್ತರ 2 (ಮನೋವೈದ್ಯೆ):
ಆಕೆಯ ಒಪ್ಪಿಗೆ ಪಡೆದೇ ಹೇಳಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಗೌಪ್ಯತೆಯನ್ನು ಹಕ್ಕೆಂದು ಗುರುತಿಸಿದೆ. ಪ್ರಾಣಾಪಾಯ ತಪ್ಪಿಸಲು ತಿಳಿಸಲೇಬೇಕಾದರೆ ಅಗತ್ಯವಿದ್ದಷ್ಟನ್ನು ಮಾತ್ರ ತಿಳಿಸಿ, ಹಾಗೆ ಮಾಡುತ್ತಿರುವುದನ್ನು ಆಕೆಗೂ ಹೇಳಿ, ಕಾರಣವನ್ನು ದಾಖಲೆಯಲ್ಲಿ ಬರೆಯಿರಿ.